ಮಾರುವಾಗ ಮೌನ, ಕೊಡುವಾಗ ತನಿಖೆ

ರಾತ್ರಿ ಹನ್ನೊಂದರ ಹೊತ್ತಿಗೆ ಎದೆನೋವೆಂದು ಒಬ್ಬರನ್ನು ಆಸ್ಪತ್ರೆಗೆ ಕರೆತಂದಿದ್ದಾರೆ ಎಂದುಕೊಳ್ಳಿ. ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರು ಇಸಿಜಿ ಪಟ್ಟಿ ನೋಡುತ್ತಲೇ ಕೇಳುತ್ತಾರೆ: ‘ಬಿಪಿ, ಶುಗರ್ ಏನಾದ್ರೂ ಇದೆಯಾ?’ ಮಗನ ಕಣ್ಣು ಸ್ಟ್ರೆಚರಿನ ಮೇಲೆ. ‘ಬಿಪಿ ಇದೆ ಡಾಕ್ಟ್ರೇ.’ ‘ಎಷ್ಟು ವರ್ಷದಿಂದ?’ ‘ಒಂದೈದು ವರ್ಷ ಆಗಿರಬಹುದು.’ ‘ಐದೆಲ್ಲಿ ಬಂತೋ, ನಿನ್ನ ತಂಗಿ ಮದುವೆ ಆದ್ಮೇಲೆ ತಾನೆ ಶುರುವಾಗಿದ್ದು’ ಎಂದು ತಾಯಿ ತಿದ್ದುವಷ್ಟರಲ್ಲಿ ಕೇಸ್ ಶೀಟಿನಲ್ಲಿ ‘ರಕ್ತದೊತ್ತಡ, ಐದು ವರ್ಷದಿಂದ’ ಎಂಬ ಸಾಲು ಬಿದ್ದಾಗಿದೆ.

ಆ ಸಾಲು ಬರೆದದ್ದು ಚಿಕಿತ್ಸೆಗಾಗಿ. ಯಾವ ಔಷಧ ಕೊಡಬಹುದು, ಯಾವುದು ಬೇಡ ಎಂದು ತೀರ್ಮಾನಿಸಲು ವೈದ್ಯರಿಗೆ ಅಷ್ಟು ಸಾಕು. ಐದು ವರ್ಷವೋ ಮೂರು ವರ್ಷವೋ ಎಂಬುದು ಆ ಗಳಿಗೆಯಲ್ಲಿ ಯಾರಿಗೂ ಮುಖ್ಯವಲ್ಲ. ಅದೇ ಹಾಳೆಯ ಜೆರಾಕ್ಸ್ ವಿಮಾ ಕಂಪನಿಯ ಮೇಜಿಗೆ ಬಂದಾಗ ಮಾತ್ರ ಅದು ಸಾಕ್ಷ್ಯವಾಗುತ್ತದೆ. ಪಾಲಿಸಿ ಮಾಡಿಸಿ ಮೂರೂವರೆ ವರ್ಷ. ಬಿಪಿ ಐದು ವರ್ಷದ್ದು. ಅಂದಮೇಲೆ ಪಾಲಿಸಿ ಮಾಡಿಸುವಾಗಲೇ ಕಾಯಿಲೆ ಇತ್ತು, ಅರ್ಜಿಯಲ್ಲಿ ‘ಇಲ್ಲ’ ಎಂದಿದೆ, ಮುಖ್ಯ ಸಂಗತಿಯನ್ನು ಮರೆಮಾಚಲಾಗಿದೆ, ಆದ್ದರಿಂದ ಕ್ಲೇಮು ತಿರಸ್ಕೃತ. ಒಮ್ಮೊಮ್ಮೆ ಪಾಲಿಸಿಯೂ ರದ್ದು.

ಇಲ್ಲೊಂದು ವಿಚಿತ್ರವಿದೆ. ಈಗಿನ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಕಂಪನಿ ವಿಧಿಸಬಹುದಾದ ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷ. 2024ರ ಏಪ್ರಿಲ್‌ಗೆ ಮೊದಲು ಅದು ನಾಲ್ಕು ವರ್ಷವಿತ್ತು. ಬಿಪಿ ಇರುವುದನ್ನು ಹೇಳಿ ಪಾಲಿಸಿ ಕೊಂಡಿದ್ದರೂ ಮೂರೂವರೆ ವರ್ಷದ ಹೊತ್ತಿಗೆ ಆ ಅವಧಿ ಮುಗಿದು ಹಣ ಬರಲೇಬೇಕಿತ್ತು. ಹೇಳಿದ್ದರೂ ಸಿಗುತ್ತಿದ್ದ ಹಣ, ಹೇಳಲಿಲ್ಲ ಎಂಬ ಕಾರಣಕ್ಕೆ ಸಿಗುವುದಿಲ್ಲ. ಹಾಗಾದರೆ ಆ ಮೌನದಿಂದ ಕಂಪನಿಗೆ ಆದ ನಷ್ಟವೆಷ್ಟು? ಬಹುಶಃ ವರ್ಷಕ್ಕೆ ಕೆಲವು ಸಾವಿರ ರೂಪಾಯಿಯ ಹೆಚ್ಚುವರಿ ಪ್ರೀಮಿಯಂ. ಪಾಲಿಸಿದಾರ ತೆರಬೇಕಾದ ದಂಡ ಹಲವು ಲಕ್ಷ.

ಕ್ಲೇಮು ತಿರಸ್ಕಾರದ ಮಾತೆತ್ತಿದರೆ ಎರಡು ಸಿದ್ಧ ಉತ್ತರಗಳು ಬರುತ್ತವೆ. ಕಂಪನಿಗಳೆಲ್ಲ ಕಳ್ಳರು ಎನ್ನುವುದು ಒಂದು. ಜನ ಅರ್ಜಿಯಲ್ಲಿ ಸುಳ್ಳು ಬರೆಯುತ್ತಾರೆ, ಆಸ್ಪತ್ರೆಗಳು ಬಿಲ್ಲು ಉಬ್ಬಿಸುತ್ತವೆ ಎನ್ನುವುದು ಇನ್ನೊಂದು. ಎರಡರಲ್ಲೂ ಹುರುಳಿಲ್ಲದಿಲ್ಲ. ಆದರೆ ತೊಂದರೆಯ ಬೇರು ಯಾರ ನೀತಿಗೇಡಿತನದಲ್ಲೂ ಇಲ್ಲ, ಕೆಲಸ ನಡೆಯುವ ಕ್ರಮದಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಒಬ್ಬರ ಆರೋಗ್ಯವನ್ನು ಸರಿಯಾಗಿ ವಿಚಾರಿಸಿ, ಅಪಾಯವನ್ನು ಅಳೆದು, ಬೆಲೆ ಕಟ್ಟಿ ಪಾಲಿಸಿ ಕೊಡುವುದು ವಿಮಾ ವ್ಯವಹಾರದ ಮೊದಲ ಹೆಜ್ಜೆ. ನಮ್ಮಲ್ಲಿ ಆ ವಿಚಾರಣೆ ಪ್ರೀಮಿಯಂ ತೆಗೆದುಕೊಳ್ಳುವಾಗ ಹೆಸರಿಗಷ್ಟೆ ನಡೆದು, ಹಣ ಕೊಡಬೇಕಾದಾಗ ಕಟ್ಟುನಿಟ್ಟಾಗಿ ನಡೆಯುತ್ತದೆ.

ಮಾರಾಟ ಹೇಗೆ ನಡೆಯುತ್ತದೆ ಎಂಬುದನ್ನು ಬಲ್ಲವರಿಗೆ ಇದು ಹೊಸದಲ್ಲ. ಏಜೆಂಟರು ಮನೆಯ ಸೋಫಾದ ಮೇಲೆ ಕೂತು ಮೊಬೈಲಿನಲ್ಲೇ ಅರ್ಜಿ ತುಂಬುತ್ತಾರೆ. ‘ಶುಗರ್ ಇದೆಯಾ ಸಾರ್?’ ‘ಬಾರ್ಡರ್‌ನಲ್ಲಿದೆ ಅಂದಿದ್ರು, ಮಾತ್ರೆ ಏನಿಲ್ಲ.’ ‘ಹಂಗಾದ್ರೆ ಬೇಡ ಬಿಡಿ, ಸುಮ್ನೆ ಪ್ರೀಮಿಯಂ ಜಾಸ್ತಿ ಆಗುತ್ತೆ.’ ಪ್ರಶ್ನೆಗಳ ಸಾಲಿಗೆಲ್ಲ ‘ಇಲ್ಲ’ ಎಂಬ ಟಿಕ್ ಬೀಳುತ್ತದೆ. ಕೊನೆಗೆ ಫೋನಿಗೆ ಒಂದು ಒಟಿಪಿ ಬರುತ್ತದೆ; ಅದನ್ನು ಓದಿ ಹೇಳಿದರೆ ಅದೇ ಸಹಿ. ಇಂಗ್ಲಿಷಿನ ಆ ಅರ್ಜಿಯಲ್ಲಿ ಎಲ್ಲವನ್ನೂ ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ ಎಂಬ ಘೋಷಣೆಯೂ ಇರುತ್ತದೆ, ಅದರ ಮುಂದೆಯೂ ಟಿಕ್ ಬಿದ್ದಿರುತ್ತದೆ. ಕಮಿಷನ್ ಬರುವುದು ಪಾಲಿಸಿ ಆದರೆ ಮಾತ್ರ. ‘ಬಾರ್ಡರ್‌ನಲ್ಲಿದೆ’ ಎಂದು ಬರೆದರೆ ವೈದ್ಯಕೀಯ ಪರೀಕ್ಷೆ, ತಡ, ಕೆಲವೊಮ್ಮೆ ನಿರಾಕರಣೆ. ಏಜೆಂಟರನ್ನು ಮಾತ್ರ ಬಯ್ದು ಏನು ಪ್ರಯೋಜನ? ಅವರು ತಂದುಕೊಡುವ ‘ಇಲ್ಲ’ಗಳಿಂದ ಕಂಪನಿಗೂ ಆ ಕ್ಷಣಕ್ಕೆ ಲಾಭವೇ. ನಲವತ್ತೈದು ದಾಟಿದ ಮನುಷ್ಯನಿಗೆ ಬಿಪಿ, ಶುಗರ್, ಥೈರಾಯ್ಡ್, ಕೊಲೆಸ್ಟರಾಲ್ ಯಾವುದೂ ಇಲ್ಲ ಎಂಬ ಅರ್ಜಿ ನೋಡಿ ಯಾವ ಅನುಭವಿ ವಿಮಾ ಅಧಿಕಾರಿಗೂ ಅನುಮಾನ ಬರದಿರಲು ಸಾಧ್ಯವಿಲ್ಲ. ಅನುಮಾನ ಬಂದರೂ ಪ್ರೀಮಿಯಂ ವಾಪಸು ಹೋಗುವುದಿಲ್ಲ. ಆ ಅನುಮಾನ ಕಡತದಲ್ಲಿ ತಣ್ಣಗೆ ಮಲಗಿದ್ದು, ಕ್ಲೇಮು ಬಂದ ದಿನ ಎದ್ದು ಕೂರುತ್ತದೆ.

ವಿಮೆ ಪರಮ ನಂಬಿಕೆಯ ಒಪ್ಪಂದ, ತನ್ನ ಬಗ್ಗೆ ತಿಳಿದದ್ದನ್ನೆಲ್ಲ ಕೊಳ್ಳುವವನು ಹೇಳಲೇಬೇಕು ಎಂಬ ತತ್ವವನ್ನು ಕಂಪನಿಯ ವಕೀಲರು ಪ್ರತಿ ವ್ಯಾಜ್ಯದಲ್ಲೂ ಮುಂದಿಡುತ್ತಾರೆ. ಈ ತತ್ವ ಹುಟ್ಟಿದ ಮೊಕದ್ದಮೆಯ ಕಥೆ ಸ್ವಾರಸ್ಯವಾದದ್ದು. ಸುಮಾತ್ರಾ ದ್ವೀಪದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಟೆಯೊಂದಿತ್ತು, ಫೋರ್ಟ್ ಮಾರ್ಲ್‌ಬರೋ. ಪರದೇಶದ ಶತ್ರುಗಳು ಅದನ್ನು ಹಿಡಿದರೆ ತನಗೆ ಹಣ ಬರುವಂತೆ ಅಲ್ಲಿನ ಗವರ್ನರ್ ಜಾರ್ಜ್ ಕಾರ್ಟರ್ ಲಂಡನ್ನಿನಲ್ಲಿ ವಿಮೆ ಮಾಡಿಸಿದ. 1760ರಲ್ಲಿ ಫ್ರೆಂಚರು ಬಂದು ಹಿಡಿದೇಬಿಟ್ಟರು. ಕೋಟೆ ದುರ್ಬಲವಾಗಿದೆ, ಫ್ರೆಂಚರು ಬರುವ ಸಂಭವವಿದೆ ಎಂಬುದನ್ನು ನೀನು ಹೇಳಲಿಲ್ಲ, ಹಣ ಕೊಡುವುದಿಲ್ಲ ಎಂದು ವಿಮೆದಾರ ಬೋಮ್ ಕೈಯೆತ್ತಿದ. 1766ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕೊಟ್ಟ ತೀರ್ಪಿನಲ್ಲಿ, ವಿಮೆ ಮಾಡಿಸುವವನು ಅಪಾಯಕ್ಕೆ ಸಂಬಂಧಿಸಿದ ಸಂಗತಿಗಳನ್ನು ಮುಚ್ಚಿಡಬಾರದು ಎಂಬ ತತ್ವ ಸ್ಪಷ್ಟವಾಗಿ ಬಂತು. ನಮ್ಮ ವಕೀಲರು ಉದ್ಧರಿಸುವುದು ಅಷ್ಟನ್ನೇ. ಆ ಮೊಕದ್ದಮೆಯಲ್ಲಿ ಗೆದ್ದವನು ಕಾರ್ಟರ್. ವಿಮೆದಾರ ತಾನೇ ತಿಳಿದಿರಬೇಕಾದ ಸಂಗತಿಯನ್ನು, ಕೇಳಬಹುದಾಗಿದ್ದೂ ಕೇಳದೆ ಬಿಟ್ಟ ಸಂಗತಿಯನ್ನು ಆಮೇಲೆ ನೆಪವಾಗಿ ಹಿಡಿಯುವಂತಿಲ್ಲ ಎನ್ನುವುದು ಅದೇ ತೀರ್ಪಿನ ಉಳಿದರ್ಧ. ಕೋಟೆಯ ಸ್ಥಿತಿ ವಿಚಾರಿಸದೆ ಪ್ರೀಮಿಯಂ ಜೇಬಿಗಿಳಿಸಿದವನಿಗೆ ಕೋಟೆ ಬಿದ್ದ ಮೇಲೆ ಅದರ ಗೋಡೆಯ ಬಗ್ಗೆ ಕುತೂಹಲ ಹುಟ್ಟಬಾರದು.

ನಮ್ಮ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಎರಡೂ ಕಡೆ ನಡೆದಿದೆ. 2009ರ ಒಂದು ತೀರ್ಪಿನಲ್ಲಿ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆಗಳನ್ನು ಹೇಳದೆ ಮೆಡಿಕ್ಲೇಮ್ ಪಾಲಿಸಿ ಮಾಡಿಸಿದವರ ವಿಚಾರದಲ್ಲಿ ಕಂಪನಿಯ ನಿರಾಕರಣೆಯನ್ನು ಎತ್ತಿಹಿಡಿಯಿತು. ಅಲ್ಲಿ ಮುಚ್ಚಿಟ್ಟದ್ದು ಸಣ್ಣದಾಗಿರಲಿಲ್ಲ. 2021ರ ಡಿಸೆಂಬರಿನ ತೀರ್ಪಿನಲ್ಲಿ, ಪ್ರವಾಸ ವಿಮೆ ಮಾಡಿಸಿ ಅಮೆರಿಕಕ್ಕೆ ಹೋಗಿ ಹೃದಯಾಘಾತಕ್ಕೆ ಒಳಗಾದ ವ್ಯಕ್ತಿಗೆ ಹಣ ಕೊಡಬೇಕೆಂದಿತು. ಅವರು ಸಕ್ಕರೆ ಕಾಯಿಲೆ ಇದೆ ಎಂದು ಹೇಳಿದ್ದರು, ಕೊಲೆಸ್ಟರಾಲಿಗೆ ತೆಗೆದುಕೊಳ್ಳುತ್ತಿದ್ದ ಸ್ಟ್ಯಾಟಿನ್ ಮಾತ್ರೆಯ ವಿಷಯ ಹೇಳಿರಲಿಲ್ಲ. ಅರ್ಜಿದಾರನ ಆರೋಗ್ಯವನ್ನು ಪರಿಶೀಲಿಸಿ ಪಾಲಿಸಿ ಕೊಟ್ಟಮೇಲೆ, ತಾನು ಬಲ್ಲ ಕಾಯಿಲೆಯನ್ನೇ ಕಾರಣವಾಗಿ ತೋರಿಸಿ ಕ್ಲೇಮು ತಳ್ಳಿಹಾಕುವಂತಿಲ್ಲ ಎಂಬುದು ಅದರ ತಿರುಳು. ಮ್ಯಾನ್ಸ್‌ಫೀಲ್ಡನ ಉಳಿದರ್ಧ ನಮ್ಮಲ್ಲಿಗೂ ಬಂದಿದೆ ಎನ್ನಬಹುದು. ಬರಲು ಬಹಳ ವರ್ಷ ಹಿಡಿಯಿತು.

ಬ್ರಿಟನ್ನು ಇನ್ನೂ ಮುಂದೆ ಹೋಗಿದೆ. 2012ರ ಕಾಯ್ದೆಯೊಂದು ಸಾಮಾನ್ಯ ಗ್ರಾಹಕರಿಗೆ ‘ತಿಳಿದದ್ದನ್ನೆಲ್ಲ ನೀವಾಗಿಯೇ ಹೇಳಿ’ ಎಂಬ ಹೊರೆಯನ್ನು ತೆಗೆದುಹಾಕಿತು. ಕೇಳಿದ ಪ್ರಶ್ನೆಗೆ ತಕ್ಕಮಟ್ಟಿನ ಎಚ್ಚರದಿಂದ ಉತ್ತರಿಸಿದರೆ ಸಾಕು. ಪ್ರಶ್ನೆ ಕೇಳುವ ಕೆಲಸ ಕಂಪನಿಯದು. ಬೇಕೆಂದೇ ಸುಳ್ಳು ಹೇಳಿದವರಿಗೆ ಕಂಪನಿ ಏನೂ ಕೊಡಬೇಕಾಗಿಲ್ಲ. ಅಜಾಗರೂಕತೆಯಿಂದ ತಪ್ಪು ಹೇಳಿದ್ದರೆ, ಸತ್ಯ ಗೊತ್ತಿದ್ದಾಗ ಕಂಪನಿ ಎಷ್ಟು ಪ್ರೀಮಿಯಂ ಕೇಳುತ್ತಿತ್ತೋ ಅದರ ಪ್ರಮಾಣದಲ್ಲಿ ಕ್ಲೇಮು ಕಡಿಮೆಯಾಗುತ್ತದೆ. ಇಪ್ಪತ್ತು ಸಾವಿರ ಕಟ್ಟಿದವನು ಇಪ್ಪತ್ತೈದು ಸಾವಿರ ಕಟ್ಟಬೇಕಿತ್ತು ಎಂದಾದರೆ, ನಾಲ್ಕು ಲಕ್ಷದ ಬಿಲ್ಲಿಗೆ ಮೂರು ಲಕ್ಷ ಇಪ್ಪತ್ತು ಸಾವಿರ ಸಿಗುತ್ತದೆ. ತಪ್ಪಿಗೆ ತಕ್ಕಷ್ಟೇ ದಂಡ. ನಮ್ಮಲ್ಲಿ ಬಹುಪಾಲು ಪೂರ್ತಿ ಇಲ್ಲವೇ ಸೊನ್ನೆ.

ಇನ್ನು ಜೀವ ವಿಮೆಯ ಜೊತೆ ಹೋಲಿಸಿ ನೋಡಿ. 2015ರ ತಿದ್ದುಪಡಿಯ ನಂತರ ವಿಮಾ ಕಾಯ್ದೆಯ 45ನೇ ಸೆಕ್ಷನ್ನಿನ ಪ್ರಕಾರ ಮೂರು ವರ್ಷ ಕಳೆದ ಜೀವ ವಿಮಾ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ, ವಂಚನೆಯೆಂಬ ಕಾರಣಕ್ಕೂ. ಆರೋಗ್ಯ ವಿಮೆಗೆ ಅಂಥ ರಕ್ಷಣೆ ಕಾಯ್ದೆಯಿಂದ ಸಿಕ್ಕಿದ್ದಲ್ಲ, ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಿಂದ ಸಿಕ್ಕಿದ್ದು. ಎಂಟು ವರ್ಷವಿದ್ದ ಅವಧಿ 2024ರಲ್ಲಿ ಐದಕ್ಕೆ ಇಳಿದಿದೆ, ವಂಚನೆ ಸಾಬೀತಾದರೆ ಆಗಲೂ ರಕ್ಷಣೆಯಿಲ್ಲ. ಕೋಟಿಗಟ್ಟಲೆ ಮೊತ್ತದ ಜೀವ ವಿಮೆಯಲ್ಲಿ ಕಂಪನಿಗೆ ಮೂರು ವರ್ಷದ ಗಡುವು ಸಾಕಾದರೆ, ಕೆಲವು ಲಕ್ಷದ ಆರೋಗ್ಯ ವಿಮೆಯಲ್ಲಿ ಐದು ವರ್ಷ ಏಕೆ ಬೇಕು ಎಂಬುದಕ್ಕೆ ನನಗೆ ಒಪ್ಪುವಂಥ ಉತ್ತರ ಸಿಕ್ಕಿಲ್ಲ.

ಕಂಪನಿಗಳ ಪರವಾದ ವಾದವನ್ನೂ ಪೂರ್ತಿ ಕೇಳಬೇಕು, ಏಕೆಂದರೆ ಅದು ಬರೀ ನೆಪವಲ್ಲ. ವಿಮೆಯ ಹಣ ಕಂಪನಿಯ ಸ್ವಂತದ್ದಲ್ಲ, ಎಲ್ಲರೂ ಕಟ್ಟಿದ ಪ್ರೀಮಿಯಂ. ಮಂಡಿ ಸವೆದು ಶಸ್ತ್ರಚಿಕಿತ್ಸೆಯ ತಾರೀಖು ಗೊತ್ತಾದ ಮೇಲೆ ಪಾಲಿಸಿ ಕೊಂಡು, ಆಪರೇಷನ್ ಮುಗಿಸಿಕೊಂಡು ಬಿಟ್ಟುಹೋಗುವವರು ಹೆಚ್ಚಾದರೆ ಉಳಿದವರ ಪ್ರೀಮಿಯಂ ಏರುತ್ತದೆ; ಏರಿದಾಗ ಆರೋಗ್ಯವಾಗಿರುವವರು ಮೊದಲು ಹೊರಬೀಳುತ್ತಾರೆ; ಉಳಿದವರಲ್ಲಿ ಕಾಯಿಲೆಯವರೇ ಹೆಚ್ಚಾಗಿ ಮತ್ತೆ ಏರುತ್ತದೆ. ಕಾಯುವ ಅವಧಿಗಳಿರುವುದು ಇದನ್ನು ತಡೆಯಲು. ಅಪಘಾತ ಬಿಟ್ಟು ಬೇರೆ ಯಾವ ಚಿಕಿತ್ಸೆಗೂ ಮೊದಲ ಮೂವತ್ತು ದಿನ ಹಣವಿಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮಂಡಿಚಿಪ್ಪು ಬದಲಾವಣೆಯಂಥವಕ್ಕೆ ಸಾಮಾನ್ಯವಾಗಿ ಎರಡು ವರ್ಷ. ಈ ಕಾರಣಕ್ಕೆ ಕ್ಲೇಮು ಬಿದ್ದುಹೋದರೆ ದೂರುವುದರಲ್ಲಿ ಅರ್ಥವಿಲ್ಲ. ಇದು ಒಪ್ಪಂದದಲ್ಲಿ ಮೊದಲೇ ಇದ್ದದ್ದು, ಎಲ್ಲರಿಗೂ ಒಂದೇ. ಪ್ರೀಮಿಯಂ ಕಟ್ಟುವ ದಿನ ದಾಟಿ ಪಾಲಿಸಿ ಲ್ಯಾಪ್ಸ್ ಆದದ್ದು, ಸೌಂದರ್ಯಕ್ಕಾಗಿ ಮಾಡಿಸಿಕೊಂಡ ಚಿಕಿತ್ಸೆ, ನೋಂದಣಿಯಿಲ್ಲದ ಆಸ್ಪತ್ರೆ, ಇವೂ ಹಾಗೆಯೇ. ಮುಚ್ಚಿಟ್ಟ ಕಾಯಿಲೆಯ ವಾದ ಇಷ್ಟು ಸರಳವಲ್ಲ. ಬೇಕೆಂದೇ ಮೋಸ ಮಾಡಿದವನೂ ‘ಬಾರ್ಡರ್‌ನಲ್ಲಿದೆ’ ಎಂದು ಸತ್ಯ ಹೇಳಿಯೂ ಟಿಕ್ ಹಾಕಿಸಿಕೊಂಡವನೂ ಕಂಪನಿಯ ಕಡತದಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಇಷ್ಟಕ್ಕೂ ಹಣ ಹೆಚ್ಚು ಸೋರುವುದು ಪೂರ್ತಿ ತಿರಸ್ಕಾರದಲ್ಲಿ ಅಲ್ಲ ಎಂಬುದು ಅಂಕಿಗಳನ್ನು ಬಿಡಿಸಿ ನೋಡಿದರೆ ಗೊತ್ತಾಗುತ್ತದೆ. ಪ್ರಾಧಿಕಾರದ 2023–24ರ ವಾರ್ಷಿಕ ವರದಿಯ ಪ್ರಕಾರ ಸರ್ಕಾರಿ, ಖಾಸಗಿ ಎಲ್ಲ ಕಂಪನಿಗಳ ಮುಂದಿದ್ದ ಆರೋಗ್ಯ ಕ್ಲೇಮುಗಳ ಮೊತ್ತ ಸುಮಾರು 1.17 ಲಕ್ಷ ಕೋಟಿ ರೂಪಾಯಿ. ಕೊಟ್ಟದ್ದು 83,493 ಕೋಟಿ. ಪೂರ್ತಿಯಾಗಿ ತಿರಸ್ಕರಿಸಿದ್ದು 10,937 ಕೋಟಿ. ಪಾಲಿಸಿಯ ಷರತ್ತುಗಳಿಗೆ ಸಲ್ಲದು ಎಂದು ಕತ್ತರಿಸಿದ್ದು ಸುಮಾರು 15,100 ಕೋಟಿ. ಉಳಿದದ್ದು ವರ್ಷ ಮುಗಿದಾಗ ಇನ್ನೂ ಇತ್ಯರ್ಥವಾಗಿರಲಿಲ್ಲ. ಸಂಖ್ಯೆಯ ಲೆಕ್ಕದಲ್ಲಿ ನೂರಕ್ಕೆ ಹನ್ನೊಂದು ಕ್ಲೇಮುಗಳಿಗೆ ‘ಇಲ್ಲ’ ಸಿಕ್ಕಿದೆ. ಜಾಹೀರಾತುಗಳಲ್ಲಿ ಮೆರೆಯುವ ‘ಇತ್ಯರ್ಥದ ಪ್ರಮಾಣ’ ಈ ಸಂಖ್ಯೆಯ ಲೆಕ್ಕವನ್ನು ಆಧರಿಸಿದ್ದು. ಎರಡೂವರೆ ಲಕ್ಷ ಕೇಳಿದವನಿಗೆ ಒಂದು ಲಕ್ಷದ ಎಂಬತ್ತು ಸಾವಿರ ಕೊಟ್ಟರೂ ಅದು ಅಲ್ಲಿ ‘ಕೊಟ್ಟ ಕ್ಲೇಮು’ ಎಂದೇ ಎಣಿಕೆಯಾಗುತ್ತದೆ.

ಆ ಎಪ್ಪತ್ತು ಸಾವಿರ ಹೇಗೆ ಮಾಯವಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಐದು ಲಕ್ಷದ ಪಾಲಿಸಿ. ಕೊಠಡಿ ಬಾಡಿಗೆಗೆ ಮಿತಿ ವಿಮಾ ಮೊತ್ತದ ಶೇ 1, ಅಂದರೆ ದಿನಕ್ಕೆ 5,000. ಆ ದಿನ ಆಸ್ಪತ್ರೆಯಲ್ಲಿ ಖಾಲಿ ಇದ್ದದ್ದು 8,000 ರೂಪಾಯಿಯ ಕೊಠಡಿ. ನಾಲ್ಕು ದಿನಕ್ಕೆ ಹೆಚ್ಚುವರಿ ಹನ್ನೆರಡು ಸಾವಿರ ತಾನೆ, ಕೈಯಿಂದ ಹಾಕಿದರಾಯಿತು ಎಂದು ಮನೆಯವರು ಒಪ್ಪುತ್ತಾರೆ. ಬಿಲ್ಲು ಬಂತು: ಕೊಠಡಿ 32,000, ಶಸ್ತ್ರಚಿಕಿತ್ಸಕರು, ಅರಿವಳಿಕೆ, ಆಪರೇಷನ್ ಥಿಯೇಟರ್ ಸೇರಿ 1,60,000, ಔಷಧ ಮತ್ತು ಪರೀಕ್ಷೆಗಳು 60,000. ಒಟ್ಟು 2,52,000. ಅರ್ಹತೆಗಿಂತ ದುಬಾರಿ ಕೊಠಡಿ ಹಿಡಿದರೆ ಬಾಡಿಗೆಯಷ್ಟೇ ಅಲ್ಲ, ಅದಕ್ಕೆ ತಳುಕುಹಾಕಿಕೊಂಡ ವೈದ್ಯಕೀಯ ವೆಚ್ಚಗಳೂ ಅದೇ ಅನುಪಾತದಲ್ಲಿ ಇಳಿಯುತ್ತವೆ ಎಂದು ಪಾಲಿಸಿಯ ಒಳಪುಟದಲ್ಲಿ ಬರೆದಿರುತ್ತದೆ. ಎಂಟಕ್ಕೆ ಐದರಂತೆ ಕೊಠಡಿಗೆ 20,000, ಶಸ್ತ್ರಚಿಕಿತ್ಸೆಗೆ 1,00,000. ಔಷಧ, ಪರೀಕ್ಷೆ, ಇಂಪ್ಲಾಂಟುಗಳನ್ನು ಹೀಗೆ ಕತ್ತರಿಸಬಾರದೆಂದು ಪ್ರಾಧಿಕಾರ 2020ರಲ್ಲಿ ಹೇಳಿದ್ದರಿಂದ ಆ 60,000 ಉಳಿಯಿತು. ಕೈಗೆ ಬಂದದ್ದು 1,80,000. ಹನ್ನೆರಡು ಸಾವಿರ ಹೋಗುತ್ತದೆ ಎಂದುಕೊಂಡಿದ್ದವರು ಕಟ್ಟಿದ್ದು 72,000.

ಇದರ ಸಮರ್ಥನೆಯೂ ಉಂಟು: ದೊಡ್ಡ ಆಸ್ಪತ್ರೆಗಳಲ್ಲಿ ಕೊಠಡಿಯ ದರ್ಜೆ ಏರಿದಂತೆ ಅದೇ ಶಸ್ತ್ರಚಿಕಿತ್ಸಕರ ಅದೇ ಆಪರೇಷನ್ನಿನ ಶುಲ್ಕವೂ ಏರುತ್ತದೆ. ವಾರ್ಡಿನ ರೋಗಿಯ ಅಪೆಂಡಿಕ್ಸಿಗೆ ಒಂದು ಬೆಲೆ, ಡೀಲಕ್ಸ್ ರೋಗಿಯದಕ್ಕೆ ಇನ್ನೊಂದು. ಈ ದರಪಟ್ಟಿಯ ಸೋಜಿಗವನ್ನು ಯಾರೂ ಪ್ರಶ್ನಿಸದೆ ಒಪ್ಪಿಕೊಂಡಿದ್ದೇವೆ. ಆದರೆ ಕೊಠಡಿ ಕೊಡುವಾಗ ಆಸ್ಪತ್ರೆಯ ವಿಮಾ ಕೌಂಟರಿನವರು ಪಾಲಿಸಿಯ ವಿವರ ತಿಳಿದುಕೊಳ್ಳಬಹುದು. ಈ ಕೊಠಡಿ ಹಿಡಿದರೆ ನಿಮಗೆ ಸುಮಾರು ಇಷ್ಟು ಕಡಿತವಾಗುತ್ತದೆ ಎಂದು ಅಲ್ಲೇ ಹೇಳಲು ತಡೆಯೇನು? ಇಲ್ಲೂ ಹೇಳುವ ಹೊತ್ತಿಗೆ ಹೇಳದ ರೂಢಿಯೇ. ಇದರ ಜೊತೆಗೆ ಗ್ಲೌಸು, ಸ್ಯಾನಿಟರಿ ಸಾಮಾನು ಎಂದು ಕೊಡದಿರುವ ವಸ್ತುಗಳ ಪಟ್ಟಿಯೊಂದಿದೆ, ಅರವತ್ತೆಂಟು ಬಾಬತ್ತುಗಳದ್ದು. ಅದರ ಗೋಳು ಬೇರೆ.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಬಗೆಯ ನಿರಾಕರಣೆ: ‘ಆಸ್ಪತ್ರೆಗೆ ಸೇರುವ ಅಗತ್ಯವಿರಲಿಲ್ಲ.’ 2024ರಲ್ಲಿ ಡೆಂಗಿಯನ್ನು ಕರ್ನಾಟಕ ಸರ್ಕಾರ ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸುವ ಮಟ್ಟಕ್ಕೆ ಅದು ಹರಡಿತ್ತು. ಅಂಥ ದಿನಗಳಲ್ಲಿ ಜ್ವರ ಬಂದ ಮೂರನೇ ದಿನ ಪ್ಲೇಟ್ಲೆಟ್ಟು ಒಂದೇ ಸಮನೆ ಇಳಿಯುತ್ತಿದೆ, ವಾಂತಿ, ಹೊಟ್ಟೆನೋವು. ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತೇ ಅಪಾಯದ ಹೊತ್ತು ಎಂದು ಬಲ್ಲ ವೈದ್ಯರು ಎರಡು ದಿನ ಕಣ್ಗಾವಲಿನಲ್ಲಿಡೋಣ ಎಂದು ಸೇರಿಸಿಕೊಳ್ಳುತ್ತಾರೆ. ಡ್ರಿಪ್ ಹಾಕುತ್ತಾರೆ, ಆರು ಗಂಟೆಗೊಮ್ಮೆ ರಕ್ತ ಪರೀಕ್ಷೆ. ಏನೂ ಅನಾಹುತವಾಗದೆ ರೋಗಿ ಮನೆಗೆ ಹೋಗುತ್ತಾನೆ. ಆಮೇಲೆ ಕಂಪನಿಯ ವೈದ್ಯರು ಕಾಗದ ನೋಡುತ್ತಾರೆ: ಪ್ಲೇಟ್ಲೆಟ್ಟು ಅಪಾಯದ ಗೆರೆಗಿಂತ ಕೆಳಗಿಳಿದಿಲ್ಲ, ರಕ್ತಸ್ರಾವವಿಲ್ಲ, ನಡೆದದ್ದು ಬರೀ ಪರೀಕ್ಷೆ ಮತ್ತು ನಿಗಾ, ಇದು ಹೊರರೋಗಿ ವಿಭಾಗದಲ್ಲೇ ಆಗುತ್ತಿತ್ತು. ಪರೀಕ್ಷೆಗಾಗಿಯೇ ದಾಖಲಾದರೆ ಹಣವಿಲ್ಲ ಎಂಬ ಷರತ್ತು ಎಲ್ಲ ಪಾಲಿಸಿಗಳಲ್ಲೂ ಇರುವ ಪ್ರಮಾಣೀಕೃತ ಹೊರಗಿಡುವಿಕೆಗಳಲ್ಲಿ ಒಂದು.

ಇಬ್ಬರು ವೈದ್ಯರ ನಡುವಿನ ಅಭಿಪ್ರಾಯಭೇದದಂತೆ ಇದು ಕಾಣುತ್ತದೆ, ಆದರೆ ಇಬ್ಬರೂ ಒಂದೇ ಜಾಗದಲ್ಲಿ ನಿಂತಿಲ್ಲ. ಒಬ್ಬರು ಮುಂದೇನಾಗುವುದೋ ತಿಳಿಯದೆ ಮಂಚದ ಪಕ್ಕ ನಿಂತು ತೀರ್ಮಾನಿಸಿದವರು. ಇನ್ನೊಬ್ಬರು ರೋಗಿಯ ಮುಖ ನೋಡದೆ, ಕಥೆ ಸುಖಾಂತ್ಯವಾದದ್ದು ತಿಳಿದ ಮೇಲೆ ತೀರ್ಮಾನಿಸುವವರು. ರೋಗಿ ಚೇತರಿಸಿಕೊಂಡದ್ದೇ ಅವನ ವಿರುದ್ಧದ ಸಾಕ್ಷಿಯಾಗುತ್ತದೆ. ಕೋವಿಡ್ ಕಾಲದಲ್ಲೂ ಈ ವಾದ ಧಾರಾಳವಾಗಿ ಬಂತು: ಆಮ್ಲಜನಕದ ಮಟ್ಟ ಚೆನ್ನಾಗಿತ್ತಲ್ಲ, ಮನೆಯಲ್ಲೇ ಇರಬಹುದಿತ್ತಲ್ಲ ಎಂದು. ದಾಖಲಾತಿ ಸರಿಯೋ ತಪ್ಪೋ ಎಂಬುದನ್ನು ದಾಖಲಾದ ಗಳಿಗೆಯಲ್ಲಿ ಲಭ್ಯವಿದ್ದ ಮಾಹಿತಿಯಿಂದ ಮಾತ್ರ ಅಳೆಯಬೇಕು, ಡಿಸ್ಚಾರ್ಜ್ ಸಮ್ಮರಿಯಿಂದಲ್ಲ. ಇದನ್ನು ನಿಯಮವಾಗಿ ಬರೆಯುವುದು ಕಷ್ಟವೇನಲ್ಲ.

ಕಂಪನಿಗಳು ಇಷ್ಟು ಸಂಶಯದಿಂದ ನೋಡಲು ಆಸ್ಪತ್ರೆಗಳೂ ಕಾರಣ ಎಂಬುದನ್ನು ಬಿಟ್ಟರೆ ಮಾತು ಅರ್ಧವಾಗುತ್ತದೆ. ಒಳಗೆ ಕಾಲಿಟ್ಟ ಕೂಡಲೆ ‘ಇನ್ಶೂರೆನ್ಸ್ ಇದೆಯಾ?’ ಎಂಬ ಪ್ರಶ್ನೆ ಬರುವುದೇಕೆಂದು ಎಲ್ಲರಿಗೂ ಗೊತ್ತು. ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ ಹಾಕುವ ಉದ್ದೇಶದ ತಿದ್ದುಪಡಿಯನ್ನು ಕರ್ನಾಟಕ ಸರ್ಕಾರ 2017ರಲ್ಲಿ ತರಹೊರಟಾಗ ಖಾಸಗಿ ವೈದ್ಯರು ರಾಜ್ಯದಾದ್ಯಂತ ಮುಷ್ಕರ ಹೂಡಿದರು. ಕೊನೆಗೆ ಪಾಸಾದ ಮಸೂದೆ ಮೊದಲಿನ ಬಿಗಿ ಕಳೆದುಕೊಂಡಿತ್ತು. ದರಕ್ಕೆ ಸರ್ಕಾರ ಲಗಾಮು ಹಾಕದಿದ್ದಾಗ ಆ ಕೆಲಸವನ್ನು ವಿಮಾ ಕಂಪನಿ ತನ್ನದೇ ರೀತಿಯಲ್ಲಿ, ಒಂದೊಂದು ಕ್ಲೇಮಿನ ಮೇಲೆ ಮಾಡುತ್ತದೆ. ಆಸ್ಪತ್ರೆ ಹೆಚ್ಚು ಬರೆದದ್ದಕ್ಕೆ ಕಂಪನಿ ಕತ್ತರಿಸಿದರೆ, ಕತ್ತರಿಸಿದ ಭಾಗವನ್ನು ಆಸ್ಪತ್ರೆ ಬಿಟ್ಟುಕೊಡುವುದು ಅಪರೂಪ, ರೋಗಿಯಿಂದಲೇ ವಸೂಲಿ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು ಪಾಲಿಸಿದಾರನದು. ಸಮಂಜಸವಲ್ಲದ ದರ ಎಂದು ಕಂಪನಿಗೆ ಅನ್ನಿಸಿದರೆ ಅದು ಜಗಳವಾಡಬೇಕಾದದ್ದು ತನ್ನ ಜಾಲದಲ್ಲಿರುವ ಆಸ್ಪತ್ರೆಯ ಜೊತೆಗೆ. ಆ ಆಸ್ಪತ್ರೆಯನ್ನು ಪಟ್ಟಿಗೆ ಸೇರಿಸಿದವರು ಕಂಪನಿಯವರೇ ಹೊರತು ರೋಗಿಯಲ್ಲ.

ನಿರಾಕರಣೆ ವಿಮೆಯ ಅನಿವಾರ್ಯ ಗುಣವೇನಲ್ಲ ಎಂಬುದಕ್ಕೆ ದೂರ ಹೋಗಬೇಕಿಲ್ಲ, ಬೆಂಗಳೂರಿನ ಯಾವುದಾದರೂ ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿಗಳನ್ನು ಕೇಳಿದರೆ ಸಾಕು. ಅವರ ಗುಂಪು ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಮೊದಲ ದಿನದಿಂದಲೇ ಎಲ್ಲ ಹಳೆಯ ಕಾಯಿಲೆಗಳಿಗೂ ರಕ್ಷಣೆ. ಅರ್ಜಿ ತುಂಬುವ, ಬಿಪಿಯ ಇಸವಿ ನೆನಪಿಟ್ಟುಕೊಳ್ಳುವ ತಾಪತ್ರಯವಿಲ್ಲ. ಅದೇ ವಿಮಾ ಕಂಪನಿ, ಅದೇ ಕಾಯಿಲೆ, ಅದೇ ಆಸ್ಪತ್ರೆ. ಎಲ್ಲ ಉದ್ಯೋಗಿಗಳೂ ಸೇರುವುದರಿಂದ ಕಾಯಿಲೆಯವರೇ ಆರಿಸಿ ಬರುವ ಭಯವಿಲ್ಲ ಎಂಬುದು ನಿಜ, ಆದರೆ ಪೂರ್ತಿ ಕಾರಣ ಅದಲ್ಲ. ಸಾವಿರಾರು ಜನರ ಪರವಾಗಿ ಚೌಕಾಸಿ ಮಾಡುವ ಎಚ್‌ಆರ್ ವಿಭಾಗವೊಂದು ಅಲ್ಲಿದೆ. ಕ್ಲೇಮುಗಳು ಬಿದ್ದುಹೋದರೆ ಮುಂದಿನ ವರ್ಷ ಗುತ್ತಿಗೆ ಬೇರೆ ಕಂಪನಿಗೆ. ಸ್ವಂತ ದುಡ್ಡಿನಲ್ಲಿ ಪಾಲಿಸಿ ಕೊಂಡ ತುಮಕೂರಿನ ಅಂಗಡಿಯವರಿಗೆ ಅಂಥ ಬೆನ್ನು ಇಲ್ಲ. ಬಿಡಿ ಪಾಲಿಸಿಗಳನ್ನೇ ಹೆಚ್ಚಾಗಿ ಮಾರುವ, ಆರೋಗ್ಯ ವಿಮೆ ಮಾತ್ರ ನಡೆಸುವ ಕಂಪನಿಗಳು 2023–24ರಲ್ಲಿ ನೂರು ರೂಪಾಯಿ ಪ್ರೀಮಿಯಂಗೆ ಕ್ಲೇಮಿನ ಬಾಬ್ತು ತೆತ್ತದ್ದು ಸುಮಾರು ಅರವತ್ತೈದು. ಗುಂಪು ಪಾಲಿಸಿಗಳು ತುಂಬಿರುವ ಸರ್ಕಾರಿ ಕಂಪನಿಗಳಲ್ಲಿ ಅದು ನೂರು ದಾಟಿತ್ತು. ಎರಡೂ ಕಡೆಯ ಗ್ರಾಹಕರ ವಯಸ್ಸು, ಕಾಯಿಲೆ, ಮಾರಾಟದ ಖರ್ಚು ಬೇರೆಬೇರೆ. ಹಾಗೆಂದು ಈ ಅಂತರವನ್ನೆಲ್ಲ ಅದರಲ್ಲೇ ಮುಳುಗಿಸಲಾಗದು.

ನಿಯಮಗಳು ಸುಧಾರಿಸಿಲ್ಲವೆಂದಲ್ಲ. 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಪ್ರಾಧಿಕಾರ, ಕ್ಯಾಶ್‌ಲೆಸ್ ಮನವಿಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ವೇಳೆ ಅಂತಿಮ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕೆಂದಿದೆ; ತಡವಾಗಿ ಆಸ್ಪತ್ರೆ ಹೆಚ್ಚು ಶುಲ್ಕ ಹಾಕಿದರೆ ಅದು ಕಂಪನಿಯ ಷೇರುದಾರರ ನಿಧಿಯಿಂದ ಹೋಗಬೇಕು. ಮೂವರ ಕ್ಲೇಮು ಪರಿಶೀಲನಾ ಸಮಿತಿ ಒಪ್ಪದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ, ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ತಿಳಿಸಬೇಕು. ಆ ಸಮಿತಿಯ ಮೂವರೂ ಕಂಪನಿಯ ಕಡೆಯವರೇ. ಹೊರಗಿನ ಒಬ್ಬ ವೈದ್ಯರಾದರೂ ಅಲ್ಲಿರಬೇಕು ಎಂಬುದು ದೊಡ್ಡ ಬೇಡಿಕೆಯೇನಲ್ಲ.

ಹೊರಗಿನ ದಾರಿ ಇದೆ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ದೂರುದಾರನನ್ನಲ್ಲ; ಅತೃಪ್ತಿಯಾದರೆ ಅವನು ಗ್ರಾಹಕರ ಆಯೋಗಕ್ಕೆ ಹೋಗಬಹುದು, ತಾನು ವಾಸಿಸುವ ಜಿಲ್ಲೆಯಲ್ಲೇ. ಮೊದಲೇ ಹೇಳಿದ ಬಿಪಿಯ ಪ್ರಕರಣದಂಥದ್ದಕ್ಕೆ ಅಲ್ಲಿ ಬೇಕಾಗುವುದು ಸರಳ ಕಾಗದಗಳು: ಬಿಪಿ ಮೊದಲು ಪತ್ತೆಯಾದಾಗಿನ ಚೀಟಿ, ಮೊದಲ ಮಾತ್ರೆ ಕೊಂಡ ಬಿಲ್ಲು, ಕೇಸ್ ಶೀಟಿನ ಅವಧಿ ಮನೆಯವರ ಅಂದಾಜಿನಿಂದ ಬರೆದದ್ದು ಎಂದು ಚಿಕಿತ್ಸೆ ಕೊಟ್ಟ ವೈದ್ಯರ ಪತ್ರ. ಕಾಯಿಲೆ ಮೊದಲೇ ಇತ್ತೆಂದು ತೋರಿಸುವ ಹೊಣೆ ಕಂಪನಿಯದು. ಒಂದು ಕೈಬರಹದ ಸಾಲಷ್ಟೇ ಅದಕ್ಕೆ ಸಾಲದು ಎಂದು ಗ್ರಾಹಕ ಆಯೋಗಗಳು ಮತ್ತೆ ಮತ್ತೆ ಹೇಳಿವೆ.

ಇಷ್ಟಿದ್ದೂ ಅಲ್ಲಿಯವರೆಗೆ ಹೋಗುವವರು ಕಡಿಮೆ. ಆಪರೇಷನ್ನಿಗೆ ಚಿನ್ನ ಅಡವಿಟ್ಟ ಕುಟುಂಬಕ್ಕೆ ಆ ಸಾಲ ತೀರಿಸುವ ಚಿಂತೆ. ಕಾಯಿಲೆಯಿಂದ ಎದ್ದವರಿಗೆ ಕಡತ ಹಿಡಿದು ಅಲೆಯುವ ಶಕ್ತಿಯಿರುವುದಿಲ್ಲ. ಕಂಪನಿಗೆ ಇದು ಚೆನ್ನಾಗಿ ಗೊತ್ತು. ತಪ್ಪಾಗಿ ತಿರಸ್ಕರಿಸಿದ ಹತ್ತು ಕ್ಲೇಮುಗಳಲ್ಲಿ ಎಂಟು ಮಂದಿ ಸುಮ್ಮನಾದರೆ ಆ ಎಂಟು ಕ್ಲೇಮುಗಳ ಹಣ ಉಳಿಯಿತು. ಹೋರಾಡಿ ಗೆದ್ದ ಇಬ್ಬರಿಗೆ ಕೊಡಬೇಕಾದದ್ದು ಮೊದಲೇ ಕೊಡಬೇಕಿದ್ದ ಹಣ ಮತ್ತು ಬ್ಯಾಂಕ್ ದರಕ್ಕಿಂತ ಶೇ 2 ಹೆಚ್ಚಿನ ಬಡ್ಡಿ. ಇಷ್ಟು ಅಗ್ಗದ ಜೂಜನ್ನು ಯಾವ ವ್ಯಾಪಾರಿಯೂ ಬಿಡಲಾರ. ಹಾಗಾಗಿ ಸುಧಾರಣೆ ಗ್ರಾಹಕರ ಜಾಗೃತಿಯಿಂದ ಬರುತ್ತದೆ ಎಂಬ ಉಪದೇಶದಲ್ಲಿ ನನಗೆ ನಂಬಿಕೆ ಕಡಿಮೆ. ಷರತ್ತು ಓದಿ, ಎಲ್ಲವನ್ನೂ ಹೇಳಿ, ಟಿಕ್ ಹಾಕುವ ಮುನ್ನ ಫೋನು ಕಸಿದುಕೊಂಡು ನೋಡಿ. ಇವೆಲ್ಲ ಒಳ್ಳೆಯ ಮಾತುಗಳೇ, ಆದರೆ ಲೆಕ್ಕ ಬದಲಾಗಬೇಕಾದದ್ದು ಕಂಪನಿಯ ಕಡೆ. ನಲವತ್ತೈದು ದಾಟಿದವರಿಗೆ ಪಾಲಿಸಿ ಕೊಡುವ ಮುನ್ನ ಕಂಪನಿ ತನ್ನ ಖರ್ಚಿನಲ್ಲಿ ರಕ್ತ ಪರೀಕ್ಷೆ, ಇಸಿಜಿ ಮಾಡಿಸಲಿ. ಮಾಡಿಸದಿದ್ದರೆ ಆ ಪರೀಕ್ಷೆಯಲ್ಲಿ ಕಾಣುತ್ತಿದ್ದ ಕಾಯಿಲೆಯನ್ನು ಮುಚ್ಚಿಟ್ಟರೆಂದು ಹೇಳುವ ಹಕ್ಕು ಅದಕ್ಕೆ ಇರಬಾರದು. ಅಜಾಗರೂಕತೆಯ ತಪ್ಪಿಗೆ ಪ್ರೀಮಿಯಂ ಅನುಪಾತದ ಕಡಿತವಷ್ಟೇ ಇರಲಿ. ಓಂಬುಡ್ಸ್‌ಮನ್ ಮುಂದೆ ಬಿದ್ದುಹೋದ ಪ್ರತಿ ತಿರಸ್ಕಾರಕ್ಕೂ ಕ್ಲೇಮಿನ ಅರ್ಧದಷ್ಟು ದಂಡ ಬೀಳಲಿ, ಮತ್ತು ವರ್ಷದಲ್ಲಿ ಅಂಥವು ಎಷ್ಟು ಎಂಬ ಅಂಕಿ ಪ್ರತಿ ಪಾಲಿಸಿಯ ಮೊದಲ ಪುಟದಲ್ಲಿ, ಪ್ರೀಮಿಯಂ ಮೊತ್ತದ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚಾಗಲಿ.